ಕೊಲೆಗೆ ಮುಂಚಿನ ಸೂಚನೆಗಳನ್ನು ಗುರುತಿಸುವುದು ಹೇಗೆ?

ವಿಶ್ವಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಾದ್ಯಂತ ಕೊಲೆಯಾದ ಮಹಿಳೆಯರು, ಬಾಲಕಿಯರಲ್ಲಿ ಸುಮಾರು ಶೇ. 60ರಷ್ಟು ಮಂದಿ ಸಂಗಾತಿಯ ಅಥವಾ ಕುಟುಂಬದವರ ಕೈಯಲ್ಲೇ ಸತ್ತರು. ಆದ್ದರಿಂದ ರಾಯಚೂರಿನಲ್ಲಾಗಲಿ ಸಿಂಧನೂರಿನಲ್ಲಾಗಲಿ, ನೆರೆಮನೆಯ ಹೊಡೆತವನ್ನು ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ತಳ್ಳಿಹಾಕಬೇಡಿ.

ಮೊದಲು ಕೊರಳನ್ನು ಗಮನಿಸಿ. ಒಮ್ಮೆ ಕತ್ತು ಹಿಸುಕಿದವನು ಮುಂದೆ ಕೊಲ್ಲುವ ಅಪಾಯ ಹಲವು ಪಟ್ಟು ಹೆಚ್ಚು. ಹೊರಗೆ ಕಲೆ ಕಾಣದಿದ್ದರೂ ಆಕೆಯ ದನಿ ಒಡೆದಿದ್ದರೆ, ನುಂಗಲು ನೋವಾಗುತ್ತಿದ್ದರೆ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆಗಳು ಮೂಡಿದ್ದರೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆದರಿಕೆಗಳನ್ನು ತಾರೀಖಿನೊಂದಿಗೆ ಬರೆದಿಡಿ.

ಆಕೆ ಅವನನ್ನು ಬಿಟ್ಟು ತವರಿಗೆ ಹೊರಡುವ ದಿನಗಳು ಅತ್ಯಂತ ಅಪಾಯಕಾರಿ. ‘ಕೊನೆಯ ಸಲ ಮಾತಾಡೋಣ ಬಾ’ ಎಂದು ಕರೆದರೆ ಒಂಟಿಯಾಗಿ ಕಳಿಸಬೇಡಿ. ಹಿರಿಯರು ರಾಜಿ ಮಾಡಿಸಿ ಅದೇ ಮನೆಗೆ ಮರಳಿಸುವುದನ್ನು ನಾನಂತೂ ಒಪ್ಪಲಾರೆ. ತುರ್ತಿದ್ದರೆ 112ಕ್ಕೆ, ನೆರವಿಗೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.