ಕಪ್ಪು-ಬಿಳುಪು ನೆಗೆಟಿವ್ ಸ್ಕ್ಯಾನ್ ಮಾಡುವ ಮೊದಲು ಡಿಜಿಟಲ್ ಐಸ್ ಆಫ್ ಮಾಡಿ

ಮನೆಯ ಹಳೇ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತಿದ್ದೀರಾ? ಮೊದಲು ಸಾಫ್ಟ್‌ವೇರ್‌ನಲ್ಲಿ ‘ಡಿಜಿಟಲ್ ಐಸ್’ ಆಫ್ ಮಾಡಿ. ಅದು ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ) ಬೆಳಕಿನಿಂದ ಧೂಳು ಹುಡುಕಿ, ಸ್ಕ್ಯಾನ್‌ನಿಂದ ಅಳಿಸುತ್ತದೆ. ಕಲರ್ ಫಿಲ್ಮ್‌ನಲ್ಲಿ ಆ ಬೆಳಕು ಸಲೀಸಾಗಿ ದಾಟುತ್ತದೆ. ಆದರೆ ಕಪ್ಪು-ಬಿಳುಪು ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ. ಬೆಳ್ಳಿ ಆ ಬೆಳಕನ್ನು ತಡೆಯುತ್ತದೆ. ಆಗ ಸ್ಕ್ಯಾನರ್ ಚಿತ್ರವನ್ನೇ ಧೂಳು ಅಂದುಕೊಂಡು ಅಳಿಸಲು ಹೋಗುತ್ತದೆ. ನಮ್ಮಜ್ಜಿಯ ಸೀರೆ ಅಂಚು ಹೀಗೇ ಮಸುಕಾಗಿತ್ತು. ಆಫ್ ಮಾಡಿದ ಮೇಲೆ ಒಂದೊಂದು ಗೆರೆಯೂ ಕಂಡಿತು, ನೋಡಿ ಕಣ್ಣು ತುಂಬಿ ಬಂತು. (ಇಲ್‌ಫೋರ್ಡ್ ಎಕ್ಸ್‌ಪಿ2 ಥರದ ಫಿಲ್ಮ್ ಮಾತ್ರ ಬೇರೆ, ಅದರಲ್ಲಿ ಬೆಳ್ಳಿ ಉಳಿಯುವುದಿಲ್ಲ.)

ಹಾಗಾಗಿ ಧೂಳನ್ನು ನಾವೇ ಮೊದಲು ತೆಗೆಯಬೇಕು. ರಬ್ಬರ್ ಬ್ಲೋವರ್ ಸಾಕು. ಬಟ್ಟೆಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ. ಬಾಯಿಂದ ಊದಲೂಬೇಡಿ, ಎಂಜಲು ಹಾರಿ ಕಲೆಯಾಗುತ್ತದೆ. ಫಿಲ್ಮನ್ನು ಅಂಚಿನಲ್ಲೇ ಹಿಡಿಯಿರಿ. ಹೊಳಪಿಲ್ಲದ ಮಂಕು ಬದಿಯೇ ಎಮಲ್ಷನ್, ಅಂದರೆ ಚಿತ್ರವಿರುವ ಪದರ, ಅದು ತುಂಬಾ ನಾಜೂಕು.

35 ಎಂ.ಎಂ. ಫಿಲ್ಮ್‌ಗೆ ಸ್ಕ್ಯಾನರ್ ಸೆಟ್ಟಿಂಗ್‌ನಲ್ಲಿ 2400 ಡಿಪಿಐ (ಒಂದು ಇಂಚಿಗೆ ಅಷ್ಟು ಚುಕ್ಕೆ), 16 ಬಿಟ್ ಗ್ರೇಸ್ಕೇಲ್ (ಬೂದು ಛಾಯೆಗಳು), ಟಿಫ್ ಫೈಲ್ ಇಟ್ಟುಕೊಳ್ಳಿ. ಒಂದು ಚಿತ್ರಕ್ಕೆ ಸುಮಾರು 3400×2250 ಪಿಕ್ಸೆಲ್ ಬರುತ್ತದೆ, ಮನೆಯಲ್ಲಿ ಫ್ರೇಮ್ ಹಾಕಿಸಲು ಧಾರಾಳ. ಫಿಲ್ಮ್ ಸುರುಳಿ ಸುತ್ತಿಕೊಂಡಿದ್ದರೆ ಕವರ್‌ನಲ್ಲಿಟ್ಟು, ದಪ್ಪ ಪುಸ್ತಕದ ಕೆಳಗೆ ನಾಲ್ಕು ದಿನ ಬಿಡಿ.