ಆರ್ಕಿಟೆಕ್ಚರ್ ಮೊದಲ ವರ್ಷ: ಜ್ಯೂರಿಯ ಹಿಂದಿನ ರಾತ್ರಿ ನಿದ್ದೆ ಮಾಡುವುದು ಹೇಗೆ?

ಆರ್ಕಿಟೆಕ್ಚರ್ ಸೇರಿದ ಮಕ್ಕಳು ನಿದ್ದೆಗೆಡುವುದು ಡಿಸೈನ್ ಯೋಚಿಸಿ ಅಲ್ಲ, ಕಟ್ಟಡದ ಪುಟ್ಟ ಮಾಡೆಲ್ ಅಂಟಿಸಿ. ರಾತ್ರಿ ಹನ್ನೊಂದಕ್ಕೆ ಬೋರ್ಡು ಕತ್ತರಿಸಲು ಕೂರುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಗೋಡೆಗಳು ಮೂಲೆಯಲ್ಲಿ ಕೂಡುತ್ತಿಲ್ಲವೆಂದು ಗೊತ್ತಾಗುತ್ತದೆ. ಸಂದಿಗಳಿಗೆಲ್ಲ ಗೋಂದು ಸುರಿದು, ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಬೆಳಿಗ್ಗೆ ಜ್ಯೂರಿ (ಕೆಲಸ ನೋಡಿ ಮಾರ್ಕು ಕೊಡುವ ಮೇಷ್ಟ್ರುಗಳ ತಂಡ) ಮುಂದೆ ತೂಕಡಿಸುತ್ತಾರೆ. ಐದು ವರ್ಷದ ಬಿ.ಆರ್ಕ್‌ನಲ್ಲಿ ಹತ್ತು ಸೆಮಿಸ್ಟರ್ ಇವೆ; ಮೊದಲೆರಡರಲ್ಲೇ ಕೆಲಸದ ಕ್ರಮ ಕಲಿತುಕೊಂಡರೆ ಮುಂದಿನ ಎಂಟು ಹಗುರ.

1. ಸಾಮಾನು

ಕಾಲೇಜಿನವರು ಕೊಡುವ ಪಟ್ಟಿಯನ್ನು ಮೊದಲ ವಾರವೇ ಪೂರ್ತಿ ಕೊಳ್ಳಬೇಡಿ. ಡ್ರಾಯಿಂಗ್ ಬೋರ್ಡು, ಸ್ಕೇಲು, ಸೆಟ್‌ಸ್ಕ್ವೇರ್ ಸೀನಿಯರ್‌ಗಳ ಹತ್ತಿರ ಸಿಗುತ್ತವೆ, ಕೇಳಿ ನೋಡಿ. ಮಿನಿ ಡ್ರಾಫ್ಟರ್‌ಗಿಂತ (ಬೋರ್ಡಿನ ಅಂಚಿಗೆ ತಿರುಪಿನಿಂದ ಬಿಗಿಯುವ ಗೆರೆ ಎಳೆಯುವ ಸಾಧನ) ಪ್ಯಾರಲಲ್ ಬಾರ್ (ಮೇಲೆ ಕೆಳಗೆ ಸರಿಯುವ ಅಡ್ಡಪಟ್ಟಿ) ಇರುವ ಬೋರ್ಡೇ ಒಳ್ಳೆಯದು. ಅಗ್ಗದ ಡ್ರಾಫ್ಟರ್‌ನ ತಿರುಪು ಸಡಿಲವಾದರೆ ಎ1 ಹಾಳೆಯ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗೆರೆ ಒಂದೆರಡು ಮಿಲಿಮೀಟರ್ ಜಾರಿರುತ್ತದೆ. ಅರವತ್ತು ಬಣ್ಣದ ಮಾರ್ಕರ್ ಸೆಟ್ ಬೇಡವೇ ಬೇಡ. ಆ ದುಡ್ಡಿಗೆ ಲೋಹದ ಹಿಡಿಯ ಕಟರ್, ಎ2 ಅಳತೆಯ ಕಟಿಂಗ್ ಮ್ಯಾಟ್, 30 ಮತ್ತು 60 ಸೆಂ.ಮೀ.ನ ಎರಡು ಸ್ಟೀಲ್ ಸ್ಕೇಲು, ಎರಡು ಪೊಟ್ಟಣ ಬ್ಲೇಡು ಬರುತ್ತವೆ. ಪ್ಲಾಸ್ಟಿಕ್ ಹಿಡಿಯ ಕಟರ್‌ನಲ್ಲಿ ಒತ್ತಿದಾಗ ಬ್ಲೇಡು ಒಳಕ್ಕೆ ಸರಿಯುತ್ತದೆ. ಬೆರಳು ಕೊಯ್ದುಕೊಳ್ಳುವುದು ಹೀಗೇ.

2. ಹಾಳೆ

ಮೊದಲು ತೆಳುವಾಗಿ 2ಎಚ್ ಪೆನ್ಸಿಲ್, ಆಮೇಲೆ ಎಚ್‌ಬಿ. ಹಾಳೆ ಅಂಟಿಸಲು ಸೆಲ್ಲೋ ಟೇಪ್ ಬೇಡ, ಮಾಸ್ಕಿಂಗ್ ಟೇಪ್ ಸಾಕು. ಎಲ್ಲರೂ ಎಡವುವುದು ಒಂದೇ ಕಡೆ. ಪ್ಲಾನ್ ಎಂದರೆ ಕಟ್ಟಡವನ್ನು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಅಡ್ಡಕ್ಕೆ ಕತ್ತರಿಸಿ ಮೇಲಿನಿಂದ ನೋಡಿದ್ದು. ಕತ್ತರಿ ಬಿದ್ದ ಗೋಡೆ ದಪ್ಪ ಗೆರೆ, ಕೆಳಗೆ ಕಾಣುವ ಮೆಟ್ಟಿಲು, ಕಟ್ಟೆ ನಡುವಿನ ಗೆರೆ, ನೆಲದ ಟೈಲ್ಸ್ ಕೂದಲೆಳೆ. ಮೂರನ್ನೂ ಒಂದೇ ದಪ್ಪಕ್ಕೆ ಎಳೆದರೆ ಎಷ್ಟು ಅಚ್ಚುಕಟ್ಟಾಗಿದ್ದರೂ ಹಾಳೆ ಓದಲಾಗದು.

ಪೆನ್ಸಿಲ್ ಮುಗಿಯಿತೆಂದು ತಕ್ಷಣ ಇಂಕ್ ಹಿಡಿಯಬೇಡಿ. ಮಾಡೆಲ್ ಮಾಡಬೇಕಾದ್ದು ಪೆನ್ಸಿಲ್ಲಿಗೂ ಇಂಕಿಗೂ ನಡುವೆ. ಹಾಳೆಯ ಮೇಲೆ ಅಡಗಿ ಕೂತ ತಪ್ಪನ್ನು ಮಾಡೆಲ್ ಹೊರಗೆಳೆಯುತ್ತದೆ, ಪೆನ್ಸಿಲ್ಲಾದರೆ ಒರೆಸಬಹುದು. ಮೆಟ್ಟಿಲನ್ನೇ ನೋಡಿ. ಅಂತಸ್ತಿನ ಎತ್ತರ 3 ಮೀಟರ್, ರೈಸರ್ (ಒಂದು ಮೆಟ್ಟಿಲಿನ ಎತ್ತರ) 150 ಮಿ.ಮೀ. ಆದರೆ 20 ರೈಸರ್ ಬೇಕು. ನೇರ ಮೆಟ್ಟಿಲಾದರೆ 19 ಟ್ರೆಡ್ (ಕಾಲಿಡುವ ಜಾಗ), ತಲಾ 300 ಮಿ.ಮೀ.ನಂತೆ 5.7 ಮೀಟರ್ ಉದ್ದ. ಪ್ಲಾನಿನಲ್ಲಿ ಜಾಗವಿದ್ದಷ್ಟಕ್ಕೆ ಹನ್ನೆರಡು ಗೆರೆ ಎಳೆದು ಕೈತೊಳೆದುಕೊಂಡವರ ಮೆಟ್ಟಿಲು ಮಾಡೆಲಿನಲ್ಲಿ ಗಾಳಿಯಲ್ಲಿ ನಿಲ್ಲುತ್ತದೆ.

3. ಮಾಡೆಲ್

ಮೊದಲು ಮಾಡೆಲಿನ ಅಳತೆಯ ಪ್ರಮಾಣಕ್ಕೆ ತಕ್ಕ ಬೋರ್ಡು. ಒಂಬತ್ತಿಂಚಿನ ಇಟ್ಟಿಗೆ ಗೋಡೆ 230 ಮಿ.ಮೀ.; 1:50ರಲ್ಲಿ (ನಿಜದ ಐವತ್ತನೇ ಒಂದು ಪಾಲು) ಅದು 4.6 ಮಿ.ಮೀ., 5 ಮಿ.ಮೀ. ಫೋಮ್‌ಬೋರ್ಡ್ (ಎರಡು ಕಾಗದದ ನಡುವೆ ಫೋಮ್ ಇರುವ ಹಲಗೆ) ಸರಿಹೋಗುತ್ತದೆ. 1:100ಕ್ಕೆ ಇಳಿದರೆ 2.3 ಮಿ.ಮೀ., ಆಗ 2 ಮಿ.ಮೀ. ಮೌಂಟ್‌ಬೋರ್ಡ್ (ದಪ್ಪ ರಟ್ಟು). ಮೆಟ್ಟಿಲಿಗೆ 1:50ರಲ್ಲಿ 3 ಮಿ.ಮೀ. ಸನ್‌ಬೋರ್ಡ್ (ಗಟ್ಟಿ ಪ್ಲಾಸ್ಟಿಕ್ ಫೋಮಿನ ಹಲಗೆ) ಪಟ್ಟಿಗಳನ್ನು 6 ಮಿ.ಮೀ. ಹಿಂದೆ ಸರಿಸುತ್ತ ಒಂದರ ಮೇಲೊಂದು ಅಂಟಿಸಿದರೆ ಮುಗಿಯಿತು, ಬೋರ್ಡಿನ ದಪ್ಪವೇ ರೈಸರ್. ಇಳಿಜಾರು ಸೈಟಿಗೂ ಇದೇ ಲೆಕ್ಕ: ಒಂದೊಂದು ಮೀಟರಿನ ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) 1:200ರಲ್ಲಿ 5 ಮಿ.ಮೀ.

ಇನ್ನು ಮೂಲೆ. ಹೊರ ಅಳತೆ 6 ಮೀಟರ್‌ಗೆ 4 ಮೀಟರ್ ಇರುವ ಕೋಣೆ 1:50ರಲ್ಲಿ 120ಕ್ಕೆ 80 ಮಿ.ಮೀ. ಎರಡು ಗೋಡೆ 120, ಎರಡು ಗೋಡೆ 80 ಎಂದು ಕತ್ತರಿಸಿದರೆ ಕೋಣೆ 90 ಮಿ.ಮೀ. ಅಗಲವಾಗಿ ಅಡಿಹಲಗೆಯ ಮೇಲೆ ಅಂಟಿಸಿದ ಪ್ಲಾನಿಗೆ ಕೂರುವುದಿಲ್ಲ. ಉದ್ದದ ಗೋಡೆಗಳ ನಡುವೆ ಗಿಡ್ಡ ಗೋಡೆ ನಿಲ್ಲುತ್ತದೆ, ಆದ್ದರಿಂದ ಎರಡು ದಪ್ಪ ಕಳೆಯಬೇಕು: 80ರಲ್ಲಿ 10 ಹೋದರೆ 70. ಪ್ರತಿ ತುಂಡಿನ ಹಿಂದೆ ಅಳತೆ ಮತ್ತು ಹೆಸರು (ಉತ್ತರ-1, ಪೂರ್ವ-2) ಬರೆದಿಡಿ. ಮೂಲೆಯಲ್ಲಿ ಫೋಮ್ ಹಲ್ಲುಕಿರಿಯುವುದು ಬೇಡವಾದರೆ ಉದ್ದದ ಗೋಡೆಯ ತುದಿಯಲ್ಲಿ 5 ಮಿ.ಮೀ. ಪಟ್ಟಿಯಷ್ಟು ಒಳಗಿನ ಕಾಗದ ಮತ್ತು ಫೋಮ್ ಮಾತ್ರ ಕೆತ್ತಿ ತೆಗೆದು ಹೊರಗಿನ ಕಾಗದ ಉಳಿಸಿಕೊಳ್ಳಿ. ಗಿಡ್ಡ ಗೋಡೆಯ ತುದಿ ಆ ಕಾಗದದ ಹಿಂದೆ ಅಡಗುತ್ತದೆ. ಹೀಗೆ ಮಾಡಿದಾಗ ಗಿಡ್ಡ ಗೋಡೆ 70 ಅಲ್ಲ, ಹೆಚ್ಚುಕಡಿಮೆ ಪೂರ್ತಿ 80. ಕಾಗದದ ದಪ್ಪ ಲೆಕ್ಕಕ್ಕಿಲ್ಲ.

ಕತ್ತರಿಸುವಾಗ ಸ್ಕೇಲು ನಿಮಗೆ ಬೇಕಾದ ತುಂಡಿನ ಮೇಲಿರಲಿ. ಕೈ ಜಾರಿದರೂ ಗಾಯ ಕಸಕ್ಕೆ ಹೋಗುವ ಭಾಗಕ್ಕೆ ಆಗುತ್ತದೆ. ಸ್ಕೇಲಿನ ಅಡಿಗೆ ಮಾಸ್ಕಿಂಗ್ ಟೇಪಿನ ಎರಡು ಪಟ್ಟಿ ಅಂಟಿಸಿದರೆ ಸರಿಯುವುದಿಲ್ಲ. ಒಂದೇ ಏಟಿಗೆ ಫೋಮ್‌ಬೋರ್ಡ್ ಸೀಳಲು ಹೋಗಬೇಡಿ: ಮೊದಲ ಎಳೆತ ಮೇಲಿನ ಕಾಗದಕ್ಕೆ, ಎರಡನೆಯದು ಫೋಮಿಗೆ, ಮೂರನೆಯದು ಕೆಳಗಿನ ಕಾಗದಕ್ಕೆ. ಫೋಮ್ ಪುಡಿಪುಡಿಯಾಗಿ ಕಿತ್ತುಬಂದರೆ ದೋಷ ಬೋರ್ಡಿನದಲ್ಲ, ಬ್ಲೇಡು ಮೊಂಡಾಗಿದೆ. ಎಂಟು-ಹತ್ತು ಎಳೆತಕ್ಕೊಮ್ಮೆ ತುದಿ ಮುರಿದು ಹೊಸದು ತೆಗೆಯಿರಿ. ಬ್ಲೇಡಿನಲ್ಲಿ ಜಿಪುಣತನ ಮಾಡಿದವರು ಬೋರ್ಡಿನಲ್ಲಿ ದಂಡ ಕಟ್ಟುತ್ತಾರೆ. ಮುರಿದ ತುಣುಕುಗಳನ್ನು ಡಬ್ಬಿಯಲ್ಲಿ ಹಾಕಿಡಿ, ಹಾಸ್ಟೆಲ್ ನೆಲದಲ್ಲಿ ಬರಿಗಾಲಲ್ಲಿ ಓಡಾಡುವವರಿರುತ್ತಾರೆ.

ಕಿಟಕಿ, ಬಾಗಿಲುಗಳನ್ನು ಗೋಡೆ ನಿಲ್ಲಿಸುವ ಮೊದಲೇ ಕೊರೆಯಬೇಕು. ನಾಲ್ಕು ಮೂಲೆಗೆ ಗುಂಡುಸೂಜಿ ಚುಚ್ಚಿ ಆ ಕಡೆಗೆ ಗುರುತು ದಾಟಿಸಿ. ಪ್ರತಿ ಮೂಲೆಯಿಂದ ನಡುವಿನ ಕಡೆಗೆ ಎಳೆಯಿರಿ. ಮೂಲೆಯ ಕಡೆಗೆ ಎಳೆದರೆ ಬ್ಲೇಡು ಗೆರೆ ದಾಟಿ ಓಡುತ್ತದೆ, ಆ ಗೀರು ಮುಚ್ಚುವುದಕ್ಕೆ ಉಪಾಯವಿಲ್ಲ.

ಅಂಟಿನ ವಿಷಯದಲ್ಲಿ ಆತುರವೇ ಶತ್ರು. ಫೆವಿಕ್ವಿಕ್ ಕ್ಷಣದಲ್ಲಿ ಹಿಡಿಯುತ್ತದೆ ನಿಜ, ಆದರೆ ಫೋಮನ್ನೂ ಥರ್ಮಕೋಲನ್ನೂ ತಿಂದುಹಾಕುತ್ತದೆ. ಗಾಜಿನ ಬದಲು ಹಾಕಿದ ಪಾರದರ್ಶಕ ಓಎಚ್‌ಪಿ ಶೀಟಿನ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತದೆ. ಪಂಕ್ಚರ್ ಸಲ್ಯೂಷನ್ನಿನಂಥ ವಾಸನೆಯ ರಬ್ಬರ್ ಅಂಟುಗಳೂ ಥರ್ಮಕೋಲ್ ಕರಗಿಸುತ್ತವೆ. ಬಿಳಿ ಫೆವಿಕೋಲನ್ನು ಟೂತ್‌ಪಿಕ್ಕಿನಿಂದ ಗೋಡೆಯ ಅಂಚಿಗೆ ತೆಳ್ಳಗೆ ಸವರಿ, ಕೂಡಿಸಿ, ಮಾಸ್ಕಿಂಗ್ ಟೇಪಿನಿಂದ ಬಿಗಿದು ಹತ್ತು ನಿಮಿಷ ಬಿಡಿ. ಅದರಲ್ಲಿ ನೀರಿದೆ, ಹೆಚ್ಚು ಹಾಕಿದರೆ ಮೌಂಟ್‌ಬೋರ್ಡ್ ಹಪ್ಪಳದಂತೆ ಸೊಟ್ಟಗಾಗುತ್ತದೆ. ಮಂಗಳೂರಿನ ಮಳೆಗಾಲದಲ್ಲಂತೂ ಹತ್ತು ನಿಮಿಷವನ್ನು ಇಪ್ಪತ್ತು ಮಾಡಿ. ಚಾವಣಿಯನ್ನು ಅಂಟಿಸಬೇಡಿ, ಎತ್ತಿ ತೋರಿಸುವಂತಿರಲಿ.

4. ವಾರದ ಲೆಕ್ಕ

ಜ್ಯೂರಿ ಶುಕ್ರವಾರವಾದರೆ ಸೋಮವಾರ ಸಂಜೆಗೆ ಡಿಸೈನ್ ಬದಲಾಯಿಸುವುದು ಬಂದ್. ಮಂಗಳವಾರ ಪ್ಲಾನ್, ಸೆಕ್ಷನ್ (ಕಟ್ಟಡವನ್ನು ಉದ್ದಕ್ಕೆ ಸೀಳಿ ಪಕ್ಕದಿಂದ ನೋಡಿದ್ದು) ಪೆನ್ಸಿಲ್ಲಿನಲ್ಲಿ. ಬುಧವಾರ ಬರೀ ಕತ್ತರಿಸುವುದು, ಸಂಜೆಗೆ ಟೇಪಿನಲ್ಲಿ ನಿಲ್ಲಿಸಿ ನೋಡಿ ಹಾಳೆ ತಿದ್ದುವುದು. ಗುರುವಾರ ಬೆಳಿಗ್ಗೆ ಅಂಟು, ಅದು ಒಣಗುವ ಹೊತ್ತಿನಲ್ಲಿ ಇಂಕ್. ರಾತ್ರಿ ಹತ್ತಕ್ಕೆ ಉಳಿದದ್ದು ಉಳಿಯಲಿ. ಮರಗಿಡ, ಪುಟ್ಟ ಮನುಷ್ಯರು ಕೊನೆಗೆ. ಬಣ್ಣದ ಸ್ಪಂಜಿನ ಮರಗಳಂತೂ ಮಾಡೆಲನ್ನು ಗಣಪತಿ ಪೆಂಡಾಲು ಮಾಡುತ್ತವೆ, ಇಲ್ಲದಿದ್ದರೆ ಮಾರ್ಕು ಹೋಗುವುದಿಲ್ಲ.

5. ಜ್ಯೂರಿ

"ನನ್ನ ಕಾನ್ಸೆಪ್ಟ್ ಏನಂದ್ರೆ" ಎಂದು ಶುರುಮಾಡಬೇಡಿ. ಉತ್ತರ ಯಾವ ಕಡೆ, ರಸ್ತೆ ಎಲ್ಲಿದೆ, ಒಳಗೆ ಬರುವುದು ಎಲ್ಲಿಂದ, ಇಷ್ಟನ್ನು ಪ್ಲಾನಿನ ಮೇಲೆ ಬೆರಳಿಟ್ಟು ಹೇಳಿ, ಆಮೇಲೆ ಚಾವಣಿ ಎತ್ತಿ. ಕನ್ನಡ ಮಾಧ್ಯಮದಿಂದ ಬಂದವರು ಬಾಯಿಪಾಠದ ಇಂಗ್ಲಿಷ್ ಒಪ್ಪಿಸಿ ನಡುವೆ ಕಳೆದುಹೋಗುವುದಕ್ಕಿಂತ, "ಕನ್ನಡದಲ್ಲಿ ಹೇಳಬಹುದಾ ಸರ್?" ಎಂದು ಕೇಳುವುದು ಮೇಲು. ಬಯ್ಯಿಸಿಕೊಂಡದ್ದನ್ನು ನೆನಪಿಟ್ಟುಕೊಳ್ಳಲು ಆಗುವುದಿಲ್ಲ, ಗೆಳೆಯರೊಬ್ಬರ ಕೈಯಲ್ಲಿ ಬರೆಸಿಟ್ಟುಕೊಳ್ಳಿ.

ಮಾಡೆಲಿನ ಫೋಟೊವನ್ನು ಅದೇ ಸಂಜೆ ತೆಗೆಯಿರಿ, ಸ್ಟುಡಿಯೊದ ಮೂಲೆಯಲ್ಲಿ ಒಂದು ವಾರ ಬಿಟ್ಟರೆ ಯಾರದೋ ಬ್ಯಾಗು ಅದರ ಮೇಲೆ ಕೂತಿರುತ್ತದೆ. ಕಿಟಕಿಯ ಪಕ್ಕ, ಹಿಂದೆ ಬಿಳಿ ಹಾಳೆ, ಫ್ಲ್ಯಾಶ್ ಬೇಡ, ಕ್ಯಾಮೆರಾ ಮಾಡೆಲಿನ ನೆಲದ ಮಟ್ಟಕ್ಕೆ.