ಹೊಸ ಬ್ಯಾಟರಿ ತರುವ ಮುಂಚೆ ಅರ್ಥ್ ವೈರ್ ಬಿಚ್ಚಿ ನೋಡಿ

ಕೀ ತಿರುಗಿಸಿದರೆ ನನ್ನ ಕಾರು ಟಕ್ ಅಂತ ಒಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಬ್ಯಾಟರಿ ಹೋಯ್ತು ಅಂದುಕೊಂಡು ಹೊಸದು ಹಾಕಿಸಿದೆ. ನಾಲ್ಕೇ ದಿನಕ್ಕೆ ಮತ್ತೆ ಅದೇ ಟಕ್. ಕೊನೆಗೆ ಗೇರ್‌ಬಾಕ್ಸ್ ಮೇಲಿನ ಅರ್ಥ್ ವೈರಿನ ಬೋಲ್ಟ್ ಬಿಚ್ಚಿದೆ. ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು, ಬಿಗಿಯಾಗೂ ಇತ್ತು. ವೈರಿನ ತುದಿಯ ಲಗ್, ಅಂದರೆ ಬೋಲ್ಟ್ ತೂರುವ ಲೋಹದ ಬಳೆ, ಎತ್ತಿ ನೋಡಿದರೆ ಅಡಿಯಲ್ಲಿ ಕಪ್ಪು ಜಿಡ್ಡು, ಅಂಚಿನಲ್ಲಿ ಹಸಿರು ಪುಡಿ.

ಸೆಲ್ಫ್ ಮೋಟರಿಗೆ ಹೋದ ಕರೆಂಟು ಎಂಜಿನ್ನಿನ ಲೋಹ, ಆಮೇಲೆ ಈ ವೈರ್ ಹಾದು ಬ್ಯಾಟರಿಯ ಮೈನಸ್‌ಗೆ ವಾಪಸ್ ಬರಬೇಕು. 150 ಆಂಪಿಯರ್ ಹರಿಯುವಾಗ ಬರೀ 0.01 ಓಮ್ ತಡೆ ಇದ್ದರೂ 1.5 ವೋಲ್ಟ್ ಅಲ್ಲೇ ಖರ್ಚು. ಅಷ್ಟು ಸಣ್ಣ ತಡೆ ಸಾಮಾನ್ಯ ಮೀಟರಿನ ಓಮ್ ಅಳತೆಗೆ ಸಿಗಲ್ಲ. ಹಾಗಾಗಿ ವೋಲ್ಟ್ ಅಳೆಯಬೇಕು.

ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಕೆಂಪು ಕಡ್ಡಿ ಎಂಜಿನ್ನಿನ ಬೋಳು ಲೋಹದ ಮೇಲೆ. ಕಂಬ ಅಂದರೆ ಸೀಸದ ಕಂಬವೇ, ಅದರ ಮೇಲಿನ ಕ್ಲ್ಯಾಂಪ್ ಅಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೈ ಮತ್ತು ಮೀಟರಿನ ವೈರು ಫ್ಯಾನು, ಬೆಲ್ಟಿನಿಂದ ದೂರ ಇರಲಿ. ಇನ್ನೊಬ್ಬರು ಮೂರು ಸೆಕೆಂಡು ಸೆಲ್ಫ್ ಹೊಡೆಯಲಿ. 0.2 ವೋಲ್ಟಿನ ಒಳಗಿದ್ದರೆ ಚಿಂತೆ ಇಲ್ಲ. 0.5 ದಾಟಿದರೆ ಬಿಚ್ಚಲೇಬೇಕು. ನನ್ನದು 0.9 ತೋರಿಸಿತ್ತು.

ಎಂಜಿನ್ ಆರಲಿ, ಕೀ ತೆಗೆಯಿರಿ. ಸ್ಟೀರಿಯೋಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ. ಕನ್ನಡಕ, ಗ್ಲೌಸ್ ಹಾಕಿಕೊಂಡು ಮೈನಸ್ ಕ್ಲ್ಯಾಂಪ್ ಮೊದಲು ಬಿಚ್ಚಿ. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಲು ಹೋದರೆ ಸ್ಪಾನರ್ ಬಾಡಿಗೆ ತಾಗಿ ದೊಡ್ಡ ಕಿಡಿ ಹಾರುತ್ತದೆ. ಕ್ಲ್ಯಾಂಪ್ ಮೇಲೆ ಸಣ್ಣ ಸೆನ್ಸರ್ ಡಬ್ಬಿ ಇದ್ದರೆ ಅದನ್ನು ಮೀಟಬೇಡಿ, ನೀರೂ ತಾಗಿಸಬೇಡಿ.

ಆಮೇಲೆ ವೈರಿನ ಜಾಡು ಹಿಡಿದು ಹೋಗಿ. ಸಾಮಾನ್ಯವಾಗಿ ಒಂದು ಬಾಡಿಗೆ, ಒಂದು ಎಂಜಿನ್ ಅಥವಾ ಗೇರ್‌ಬಾಕ್ಸಿಗೆ ಇರುತ್ತದೆ. ಹಲವು ಕಾರುಗಳಲ್ಲಿ ಎಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ಪಟ್ಟಿ ಬೇರೆ. ಒಂದನ್ನೂ ಬಿಡಬೇಡಿ.

ಬ್ಯಾಟರಿ ಕಂಬದ ಬಿಳಿ ಪುಡಿಗೆ ಅಡುಗೆ ಸೋಡಾ ಕಲಸಿದ ನೀರು ಸಾಕು. ಬುರುಗು ನಿಂತ ಮೇಲೆ ಒರೆಸಿ ಒಣಗಿಸಿ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಲಗ್ಗಿನ ಎರಡೂ ಮುಖ, ಬೋಲ್ಟಿನ ತಲೆಯ ಅಡಿ, ವಾಷರ್, ಲಗ್ ಕೂರುವ ಜಾಗ ಎಲ್ಲವನ್ನೂ ವೈರ್ ಬ್ರಷ್, 120ರ ಸ್ಯಾಂಡ್ ಪೇಪರಿನಿಂದ ಉಜ್ಜಿ. ಬಾಡಿ ಕಡೆ ಪೇಂಟ್ ಇದ್ದರೆ ಲಗ್ಗಿನಷ್ಟು ಅಗಲ ಮಾತ್ರ ಕೆರೆಯಿರಿ. ಲೋಹ ಹೊಳೆಯಬೇಕು. ಸುಮ್ನೆ ಸ್ಪ್ರೇ ಹೊಡೆದು ಬಿಟ್ಟರೆ ಒಳಗಿನ ಕೊಳೆ ಅಲ್ಲೇ ಇರುತ್ತದೆ, ಅಲ್ವಾ? ಲಗ್ಗಿನ ಹತ್ತಿರ ವೈರ್ ಬಗ್ಗಿಸಿಯೂ ನೋಡಿ. ರಬ್ಬರಿನ ಒಳಗೆ ತಾಮ್ರದ ಎಳೆ ಹಸಿರಾಗಿದ್ದರೆ ಉಜ್ಜಿ ಪ್ರಯೋಜನ ಇಲ್ಲ, ವೈರೇ ಬದಲಿಸಬೇಕು.

ಲೋಹಕ್ಕೆ ಲೋಹ ತಾಗಿಸಿ ಬಿಗಿ ಮಾಡಿ. ಅದಾದ ಮೇಲೆ ಹೊರಗಿನಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ತೇವ ಒಳಗೆ ಹೋಗಲ್ಲ. ಮೈನಸ್ ಕ್ಲ್ಯಾಂಪ್ ಕೊನೆಗೆ ಹಾಕಿ, ಮೀಟರ್ ಮತ್ತೆ ಇಡಿ. ನನ್ನ ಕಾರಿನಲ್ಲಿ 0.9 ಇದ್ದದ್ದು 0.08ಕ್ಕೆ ಇಳಿಯಿತು. ಸೆಲ್ಫ್ ಒಂದೇ ಹೊಡೆತಕ್ಕೆ ತಿರುಗಿತು.